ಒಂದು ವ್ಯಾಟ್, ಒಂದು ಮೀಟರ್

ಎಲ್ಲರೂ ಕೇಳುವುದು ಒಂದೇ: "ಎಷ್ಟು ವ್ಯಾಟ್?"
ಎಮ್ಮೆ ಕೊಳ್ಳುವವನು ಎಷ್ಟು ಲೀಟರ್ ಅಂದ ಹಾಗೆ.
ತೀರ್ಥಪ್ಪನೂ ಅದನ್ನೇ ಕೇಳಿದ,
ಕೌಂಟರಿನ ಗಾಜಿಗೆ ಎರಡೂ ಮೊಣಕೈ ಊರಿ,
ಐ.ಜಿ. ರಸ್ತೆಗೆ ರಸ್ತೆಯೇ ಕಿವುಡು ಎಂಬಷ್ಟು ಗಟ್ಟಿಯಾಗಿ.

ಕಾಫಿ ಕ್ಯೂರಿಂಗಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಸಿಪ್ಪೆ ಸುಲಿಯುವ ಯಂತ್ರದ ಪಕ್ಕ ನಿಂತ ಮನುಷ್ಯ.
ಬೀಜ ಮೂಟೆ ಸೇರಿ ಹಡಗು ಹತ್ತಿತು,
ಹೊಟ್ಟು ಮಾತ್ರ ನನ್ನ ಕಿವಿಯಲ್ಲೇ ಉಳೀತು ಅನ್ನುತ್ತಾನೆ.
ಅಂದು, ನಮ್ಮ ಬಾಯನ್ನೇ ನೋಡುತ್ತಾನೆ
ನಕ್ಕರೋ ಇಲ್ಲವೋ ಅಂತ.

ಬೋನಸ್ ಬಂದಿದೆ. ಐನೂರು ವ್ಯಾಟ್ ಬೇಕು.
ಹೊಡೆದಾಟ ಬಂದರೆ ಶೋಕೇಸಿನ ಲೋಟ ಅದುರಬೇಕು.

ನಾನು ಸ್ಪೀಕರ್ ತಿರುಗಿಸಿ ಬೆನ್ನು ತೋರಿಸಿದೆ.
ವ್ಯಾಟ್ ಬಿಡು, ಅದರ ಕೆಳಗೆ ನೋಡು,
ಯಾರೂ ಓದದ ಸಾಲು: ಎಂಬತ್ನಾಲ್ಕು ಡೆಸಿಬಲ್.
ಆ ಮೂಲೆಯದು, ಧೂಳು ಹಿಡಿದ ಮರದ ಪೆಟ್ಟಿಗೆ, ತೊಂಬತ್ತು.
ಒಂದೇ ಒಂದು ವ್ಯಾಟ್ ಉಣಿಸಿ
ಒಂದು ಮೀಟರ್ ದೂರ ನಿಂತರೆ
ಎಷ್ಟು ದನಿ ಕೊಡುತ್ತೆ ಅನ್ನೋ ಲೆಕ್ಕ ಇದು.
ಬರೀ ಆರು ಅಂತ ಮೂಗು ಮುರಿಯಬೇಡ.
ಮೂರು ಏರಬೇಕಾದರೆ ಪವರ್ ದುಪ್ಪಟ್ಟು,
ಇನ್ನು ಮೂರಕ್ಕೆ ಅದರ ದುಪ್ಪಟ್ಟು.
ಮರದ ಪೆಟ್ಟಿಗೆ ಐವತ್ತರಲ್ಲಿ ಹೇಳೋದನ್ನು
ಇದು ಇನ್ನೂರು ನುಂಗಿ ಹೇಳಬೇಕು.
ಕೆಲವರನ್ನು ಒಮ್ಮೆ ಕರೆದರೆ ಸಾಕು, ತೀರ್ಥಪ್ಪ,
ಕೆಲವರಿಗೆ ತಮಟೆಯೇ ಬಡಿಯಬೇಕು.

"ಆಂ?" ಅಂದ.

ಮತ್ತೆ ಮೊದಲಿಂದ, ಕಾಗದದ ಮೇಲೆ.
ಅಲೆ ಬರೆದೆ, ಗುಂಡಗೆ, ಗುಡ್ಡದ ಹಾಗೆ.
ಕೈಲಾಗದ ಆಂಪ್ಲಿಫೈಯರಿನ ಕತ್ತು ಹಿಸುಕಿದರೆ
ಗುಡ್ಡದ ನೆತ್ತಿ ಕತ್ತರಿಸಿ ಹೋಗುತ್ತೆ, ಹೀಗೆ,
ಆ ಬೋಳು ಸದ್ದೇ ಟ್ವೀಟರ್ ಸುಡೋದು.
ವ್ಯಾಟ್ ಜಾಸ್ತಿಯಾಗಿ ಸತ್ತದ್ದಕ್ಕಿಂತ
ಸಾಲದೆ ಅರಚಿ ಸತ್ತದ್ದನ್ನೇ ನಾನು ಹೆಚ್ಚು ಬಿಚ್ಚಿದ್ದೇನೆ.

ಕಾಗದ ಮಡಚಿ ಬೀಡಿ ಕಟ್ಟಿನ ಜೊತೆ ಇಟ್ಟುಕೊಂಡ.
ಮರದ ಪೆಟ್ಟಿಗೆ, ಎಂಬತ್ತು ವ್ಯಾಟಿನ ಆಂಪ್ಲಿಫೈಯರ್,
ಉಳಿದ ದುಡ್ಡಿಗೆ ಒಂದು ಮಿಕ್ಸಿ.

ಭಾನುವಾರ, ಗೌರಿಕಾಲುವೆ. ಉದ್ದನೆ ಹಾಲು, ತಗಡಿನ ಸೂರು.
ಹಾಲಮ್ಮ ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.
ಅದೇ ಕ್ಯೂರಿಂಗಿನಲ್ಲಿ ಬೀಜ ಆರಿಸುವ ಕೆಲಸ;
ಕಣ್ಣು ಬೇರೆ ಕಡೆ ಇದ್ದರೂ ಕರಿಬೀಜ
ಅವಳ ಬೆರಳಿಗೆ ಗೊತ್ತಾಗುತ್ತಂತೆ.
ವೈರ್ ಎಳೆದು, ಒಂದು ಪತ್ತೇದಾರಿ ಸಿನಿಮಾ ಹಾಕಿ
ವಾಲ್ಯೂಮ್ ಒಂದೇ ಗೆರೆ ಎತ್ತಿದೆ.
ಒಂದು ವ್ಯಾಟೂ ಇದ್ದಿರಲಿಕ್ಕಿಲ್ಲ.

"ಬಾಗಿಲು ತಟ್ಟಿದ್ದು ಯಾರು, ನೋಡ್ರೀ," ಒಳಗಿಂದ.
ಸಿನಿಮಾದಲ್ಲಮ್ಮ, ಅಂದೆ.
"ಹಾಕಿದ್ಯಾ?" ಅಂದ ತೀರ್ಥಪ್ಪ.

ತಾನೇ ಎದ್ದು ತಿರುಪಿದ.
ಸೂರಿನ ತಗಡು ಹಲ್ಲು ಕಡಿಯಿತು,
ಕಾಂಪೌಂಡಿನಾಚೆ ಒಂದು ಮುಖ ಮೂಡಿತು,
ಲೋಟಗಳು ಅದುರಿದವು.
ಅವನು ಹೋಗಿ ಕುರ್ಚಿಯಲ್ಲಿ ಕೂತು
ಲೋಟಗಳನ್ನೇ ನೋಡುತ್ತಿದ್ದ, ಖುಷಿಯಿಂದ.
ಆಗ ಹೊಳೆಯಿತು ನನಗೆ:
ಅಷ್ಟು ದೂರದಿಂದ ಇವನಿಗೆ ಸದ್ದು ಕಾಣಿಸುವುದು ಅಲ್ಲೇ.

ಹಾಲಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು.
ಕೂಗಲಿಲ್ಲ. ವಾಲ್ಯೂಮ್ ಇಳಿಸಿ,
ಅವನನ್ನು ಎಬ್ಬಿಸಿ,
ಪ್ಲಾಸ್ಟಿಕ್ ಕುರ್ಚಿಯನ್ನು ಗರಗರ ಎಳೆದು
ಪೆಟ್ಟಿಗೆಯ ಮುಂದೆ ಇಟ್ಟಳು, ಒಂದು ಮಾರು ಸಹ ಇಲ್ಲ.
ಸ್ಟೂಲ್ ತಂದು ಪಕ್ಕ ಕೂತಳು.

ನಾನು ಮನಸ್ಸಲ್ಲೇ ಕೂಡಿದೆ.
ನಾಲ್ಕು ಮೀಟರಿನಿಂದ ಎರಡು: ಆರು ಡೆಸಿಬಲ್.
ಎರಡರಿಂದ ಒಂದು: ಇನ್ನಾರು.
ಗೋಡೆಯ ಪ್ರತಿಧ್ವನಿ ಕಳೆದರೂ
ಹತ್ತು ಪಟ್ಟು ವ್ಯಾಟ್, ಪುಕ್ಕಟೆ.
ನನ್ನ ಅಂಗಡಿಯಲ್ಲಿ ಅದಕ್ಕೆ ಬೆಲೆಯ ಚೀಟಿ ಇಲ್ಲ.

ಪಿಸುಮಾತು ಬಂದಾಗ ಅವನ ಮಣಿಕಟ್ಟು ತಟ್ಟಿ
ಏನೋ ಹೇಳುವಳು. ಏನೆಂದು ನನಗೆ ಕೇಳಿಸಲಿಲ್ಲ.
ಅವನು ತಲೆಯಾಡಿಸುವನು.

ಹೊರಡುವಾಗ ಬಾಗಿಲವರೆಗೂ ಬಂದ,
ದನಿ ತಗ್ಗಿಸಿದೆನೆಂದುಕೊಂಡು ಬೀದಿಗೆಲ್ಲ ಕೇಳುವಂತೆ ಅಂದ:
"ಬಿಲ್ಲಿನಲ್ಲಿ ಐನೂರು ವ್ಯಾಟ್ ಅಂತ ಬರಿ.
ನಾಳೆ ಫ್ಯಾಕ್ಟರೀಲಿ ತೋರಿಸ್ಬೇಕು."

ಬರೆದೆ.